ಪದ ಪರಿಚಯ: ಪ್ರಣಾಳಿಕೆಯ ವೆಚ್ಚ ಅಂದಾಜು

ಚುನಾವಣೆಗೆ ಮುನ್ನ ಪಕ್ಷವೊಂದು ಕೊಡುವ ಭರವಸೆಗಳಿಗೆಲ್ಲ ಎಷ್ಟು ಹಣ ಬೇಕು, ಅದು ಎಲ್ಲಿಂದ ಬರುತ್ತದೆ ಎಂದು ಬಾಬ್ತುವಾರು ಲೆಕ್ಕ ಹಾಕುವುದೇ ವೆಚ್ಚ ಅಂದಾಜು. ಭರವಸೆ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಅದರ ಕೆಲಸವಲ್ಲ. ಆದಾಯಕ್ಕೂ ಖರ್ಚಿಗೂ ತಾಳೆಯಾಗುತ್ತದೆಯೇ ಎಂಬುದಷ್ಟೇ ಅದರ ಪ್ರಶ್ನೆ. ತಾಳೆಯಾಗದಿದ್ದರೆ ಆ ಅಂತರವನ್ನು ಸಾಲವೋ, ಹೊಸ ತೆರಿಗೆಯೋ, ಬೇರೊಂದು ಸೇವೆಯ ಅನುದಾನ ಕಡಿತವೋ ತುಂಬಬೇಕು.

ಈ ಲೆಕ್ಕದಲ್ಲಿ ತೆರಿಗೆ ಕಡಿತವೂ ಖರ್ಚೇ. ಬೊಕ್ಕಸಕ್ಕೆ ಬಾರದ ಹಣಕ್ಕೂ ಬೊಕ್ಕಸದಿಂದ ಹೋದ ಹಣಕ್ಕೂ ಕೊರತೆಯ ಮಟ್ಟಿಗೆ ವ್ಯತ್ಯಾಸವಿಲ್ಲ. ಉಚಿತ ಯೋಜನೆಗೆ ದುಡ್ಡೆಲ್ಲಿದೆ ಎಂದು ಗದರುವವರು ತೆರಿಗೆ ಇಳಿಸುವವರನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಲೆಕ್ಕ ದಾರಿ ತಪ್ಪುವ ಜಾಗಗಳು ಹಲವು. ಒಂದೇ ಉಳಿತಾಯವನ್ನು ಎರಡು ಯೋಜನೆಗಳ ಮೂಲವಾಗಿ ತೋರಿಸಬಹುದು. 'ತೆರಿಗೆ ಸೋರಿಕೆ ತಡೆಯುತ್ತೇವೆ' ಎಂದು ಹೇಳಿ, ಹೇಗೆ ಎಂದು ಹೇಳದೆಯೇ ದೊಡ್ಡ ಮೊತ್ತ ಬರೆದುಕೊಳ್ಳಬಹುದು. ಅವಧಿಯಲ್ಲೂ ಆಟವಿದೆ: ಅಮೆರಿಕದ 2017ರ ತೆರಿಗೆ ಕಾನೂನಿನಲ್ಲಿ ವ್ಯಕ್ತಿಗಳಿಗೆ ಕೊಟ್ಟ ಹೆಚ್ಚಿನ ಕಡಿತಗಳು 2025ರ ಕೊನೆಗೆ ಮುಗಿಯುವಂತೆ ಬರೆದಿದ್ದರು. ಇದರಿಂದ ಹತ್ತು ವರ್ಷಗಳ ವೆಚ್ಚ, ಸಂಸತ್ತು ಹಾಕಿಕೊಂಡಿದ್ದ ಮಿತಿಯೊಳಗೆ ನಿಂತಿತು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು 'ತೆರಿಗೆ ಇಳಿಸಿದರೆ ಆರ್ಥಿಕತೆ ಬೆಳೆದು, ಕಳೆದುಕೊಂಡದ್ದು ತಾನಾಗಿಯೇ ಮರಳುತ್ತದೆ' ಎಂಬ ವಾದದ ಮುಂದೆ. ಇದು ಪೂರ್ತಿ ಸುಳ್ಳಲ್ಲ. ತೆರಿಗೆ ಬದಲಾದಾಗ ಜನರ ದುಡಿಮೆ, ಹೂಡಿಕೆಗಳೂ ಬದಲಾಗುತ್ತವೆ, ಸ್ವಲ್ಪ ಹಣ ಮರಳಬಹುದು. ಪೂರ್ತಿ ಮರಳುವುದು ಅಪರೂಪ. ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಆದಾಯ ತೆರಿಗೆಯನ್ನು ಭಾರಿಯಾಗಿ ಇಳಿಸಿದರು, ಅನೇಕ ಉದ್ದಿಮೆದಾರರ ವ್ಯಾಪಾರದ ಆದಾಯಕ್ಕೆ ರಾಜ್ಯದ ತೆರಿಗೆಯನ್ನೇ ತೆಗೆದರು. ಹೇಳಿದಷ್ಟು ಬೆಳವಣಿಗೆ ಬರಲಿಲ್ಲ, ವರಮಾನ ಕುಸಿಯಿತು, ರಾಜ್ಯದ ಸಾಲದ ಶ್ರೇಯಾಂಕ (ಕ್ರೆಡಿಟ್ ರೇಟಿಂಗ್) ಇಳಿಯಿತು. 2017ರಲ್ಲಿ ಅವರದೇ ಪಕ್ಷದ ಬಹುಮತವಿದ್ದ ಶಾಸನಸಭೆ ಅವರ ವಿಟೋವನ್ನು ಮೀರಿ ಕಡಿತಗಳಲ್ಲಿ ಬಹುಪಾಲನ್ನು ಹಿಂತೆಗೆದುಕೊಂಡಿತು. ಆದ್ದರಿಂದ ಬೆಳವಣಿಗೆಯ ಲಾಭವನ್ನು ಲೆಕ್ಕಕ್ಕೆ ಸೇರಿಸುವವರು ಅದರ ಹಿಂದಿನ ಊಹೆಗಳನ್ನೂ ಬಿಚ್ಚಿಡಬೇಕು, ಊಹೆ ತಪ್ಪಿದರೆ ಏನು ಮಾಡುತ್ತೇವೆಂದೂ ಹೇಳಬೇಕು.

ಈ ಕೆಲಸವನ್ನು ಪಕ್ಷಗಳಿಗೇ ಬಿಡಬಾರದು. ನೆದರ್ಲೆಂಡ್ಸ್‌ನಲ್ಲಿ ಸಿಪಿಬಿ ಎಂಬ ಸರ್ಕಾರಿ ಸಂಸ್ಥೆ 1986ರಿಂದ ಪಕ್ಷಗಳ ಪ್ರಣಾಳಿಕೆಗಳನ್ನು ಚುನಾವಣೆಗೆ ಮೊದಲೇ ಲೆಕ್ಕ ಹಾಕಿ ಪ್ರಕಟಿಸುತ್ತಾ ಬಂದಿದೆ. ಪಕ್ಷಗಳು ತಾವಾಗಿಯೇ ಒಪ್ಪಿಸುತ್ತವೆ, ಕಡ್ಡಾಯವಿಲ್ಲ. ಅಮೆರಿಕದ ಸಂಸತ್ತಿಗೆ 1974ರ ಕಾನೂನಿನಿಂದ ಹುಟ್ಟಿದ ಬಜೆಟ್ ಕಚೇರಿ ಇದೆ, ಅದು ಪ್ರಣಾಳಿಕೆಗಳಿಗಲ್ಲ, ಮಸೂದೆಗಳಿಗೆ ಲೆಕ್ಕ ಕೊಡುತ್ತದೆ.

ಸ್ವತಂತ್ರ ಲೆಕ್ಕವನ್ನು ಬದಿಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. 2022ರ ಸೆಪ್ಟೆಂಬರ್ 23ರಂದು ಲಿಜ್ ಟ್ರಸ್ ಸರ್ಕಾರ ಸುಮಾರು 4,500 ಕೋಟಿ ಪೌಂಡ್‌ಗಳ ತೆರಿಗೆ ಕಡಿತ ಘೋಷಿಸಿತು. ಹಣದ ಮೂಲ ಹೇಳಲಿಲ್ಲ, ದೇಶದ ಬಜೆಟ್ ಹೊಣೆಗಾರಿಕೆ ಕಚೇರಿಯ ಮುನ್ನಂದಾಜನ್ನೂ ಜೊತೆಗಿಡಲಿಲ್ಲ. ಪೌಂಡ್ ಡಾಲರ್ ಎದುರು ದಾಖಲೆಯ ಮಟ್ಟಕ್ಕೆ ಕುಸಿಯಿತು, ಸರ್ಕಾರಿ ಸಾಲಪತ್ರಗಳ ಬಡ್ಡಿ ಏರಿತು, ಗೃಹಸಾಲದ ಬಡ್ಡಿಯೂ ಏರಿತು. ಅಕ್ಟೋಬರ್ 17ರಂದು ಹೊಸ ಹಣಕಾಸು ಸಚಿವ ಜೆರೆಮಿ ಹಂಟ್ ಆ ಕಡಿತಗಳಲ್ಲಿ ಹೆಚ್ಚಿನವನ್ನು ರದ್ದುಪಡಿಸಿದರು.