ಪದ ಪರಿಚಯ: ಶೀಪ್ ಸ್ಟೇಷನ್

ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿಗೆ ಔಟ್‌ಬ್ಯಾಕ್ ಎಂದು ಹೆಸರು. ಅಲ್ಲಿ ಉಣ್ಣೆಗಾಗಿ ಮೆರಿನೊ ಕುರಿ ಮೇಯಿಸುವ, ಕೆಲವೊಮ್ಮೆ ಲಕ್ಷಾಂತರ ಎಕರೆ ಹಬ್ಬಿರುವ ಹಿಡುವಳಿಯೇ ಶೀಪ್ ಸ್ಟೇಷನ್. ಇಲ್ಲಿ ಉಳುಮೆ, ಬಿತ್ತನೆ ಇಲ್ಲವೆಂದೇ ಹೇಳಬಹುದು. ನೆಲ ಬಹುಪಾಲು ಸರ್ಕಾರದ್ದು, ಸ್ಟೇಷನ್ ಮಾಲೀಕನಿಗೆ ಇರುವುದು ಗೇಣಿ ಹಕ್ಕು. ನ್ಯೂ ಸೌತ್ ವೇಲ್ಸ್‌ನಲ್ಲಿ 1836ರಲ್ಲಿ ವರ್ಷಕ್ಕೆ 10 ಪೌಂಡ್ ಕಟ್ಟಿದವರಿಗೆ ಮೇಯಿಸುವ ಪರವಾನಗಿ ಸಿಗತೊಡಗಿತು. ಆ ನೆಲದಲ್ಲಿ ತಲೆತಲಾಂತರದಿಂದ ಬಾಳಿದ್ದ ಅಬೊರಿಜಿನಲ್ ಜನರನ್ನು ಮಾತ್ರ ಯಾರೂ ಕೇಳಲಿಲ್ಲ.

ಆಗ ಬೇಲಿಗಳಿರಲಿಲ್ಲ. ಕಾಯುವವರು ಹಗಲು ಮೇಯಿಸಿ ರಾತ್ರಿ ರೊಪ್ಪಕ್ಕೆ ಕೂಡುತ್ತಿದ್ದರು. 1851ರಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿ ಆಳುಗಳು ಗಣಿಗಳತ್ತ ಓಡಿದರು. ಕಾಯುವವರ ಕೊರತೆಯಿಂದ ಮುಂದಿನ ದಶಕಗಳಲ್ಲಿ ತಂತಿಬೇಲಿ ಬಂತು. ಬೇಲಿಯೊಳಗಿನ ಒಂದೊಂದು ಪಾಲೂ ಪ್ಯಾಡಕ್ ಆಯಿತು.

ಸ್ಟೇಷನ್ನಿನ ನಿಜವಾದ ಅಳತೆ ಎಕರೆಯಲ್ಲ, ನೀರು. ಬೇಸಿಗೆಯಲ್ಲಿ ಕುರಿ ನೀರಿನಿಂದ ಸುಮಾರು 3 ಕಿ.ಮೀ. ಆಚೆ ಮೇಯಲು ಹೋಗುವುದು ಕಡಿಮೆ. ಸಾಲ್ಟ್‌ಬುಷ್ ಎಂಬ ಉಪ್ಪುರುಚಿಯ ಕುರುಚಲು ಮೇದರೆ ಬಾಯಾರಿಕೆ ಇನ್ನೂ ಹೆಚ್ಚು. ಹಾಗಾಗಿ ದೂರದ ಹುಲ್ಲು ಹಾಗೇ ಉಳಿದು, ನಮ್ಮ ಕೃಷಿ ಹೊಂಡದಂತೆ ತೋಡಿದ ‘ಟ್ಯಾಂಕ್’ ಸುತ್ತಲಿನ ನೆಲ ಬೋಳಾಗುತ್ತದೆ. ಗಾಳಿಗೆ ಮಣ್ಣು ಹಾರಿ ಹೊಂಡ ಹೂಳುತ್ತದೆ; ನೀರು ಇಂಗಿದಾಗ ಬಡಕಲು ಕುರಿಗಳು ಕೆಸರಿನಲ್ಲಿ ಸಿಕ್ಕಿಕೊಂಡು ಸಾಯುತ್ತವೆ. ಅತಿಮೇವು, ಮೊಲಗಳ ಹಾವಳಿ, 1890ರ ದಶಕದ ನಡುವಿನಿಂದ 1902ರವರೆಗಿನ ಬರ, ಮೂರೂ ಕೂಡಿದಾಗ ದೇಶದ ಕುರಿ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಬರವನ್ನಷ್ಟೇ ದೂರುವುದು ಸರಿಯಲ್ಲ. ನೆಲ ತಾಳುವುದಕ್ಕಿಂತ ಹೆಚ್ಚು ಕುರಿ ತುಂಬಿದ್ದು ಅದಕ್ಕೂ ಮೊದಲೇ.

ನ್ಯೂ ಸೌತ್ ವೇಲ್ಸ್‌ನ ಮೆನಿಂಡೀ ಊರಿನ ಬಳಿ, ಡಾರ್ಲಿಂಗ್ ನದಿಯ ದಂಡೆಯಲ್ಲಿದ್ದ ಕಿಂಚೆಗಾ ಸ್ಟೇಷನ್ ಒಳ್ಳೆಯ ಉದಾಹರಣೆ. 1875ರಲ್ಲಿ ರೆಡ್ ಗಮ್ ಮರ, ತಗಡು ಬಳಸಿ ಕಟ್ಟಿದ ಅದರ ಉಣ್ಣೆ ಶೆಡ್ ಇಂದಿಗೂ ನಿಂತಿದೆ. 1967ರವರೆಗೆ ಈ ಸ್ಟೇಷನ್ನಿನಲ್ಲಿ ಸುಮಾರು 60 ಲಕ್ಷ ಕುರಿಗಳ ಉಣ್ಣೆ ಕತ್ತರಿಸಲಾಯಿತು. ಇಂಥ ಶೆಡ್ಡಿನಲ್ಲಿ ಕುರಿಗಳನ್ನು ಹಿಂದಿನ ರಾತ್ರಿಯೇ ಸೂರಿನಡಿ ಕೂಡುತ್ತಾರೆ, ಏಕೆಂದರೆ ಒದ್ದೆ ಉಣ್ಣೆ ಬೇಲ್‌ನೊಳಗೆ (ಒತ್ತಿ ಕಟ್ಟಿದ ಮೂಟೆಯೊಳಗೆ) ಬಿಸಿಯೇರಿ ಮುಗ್ಗುತ್ತದೆ. ಕತ್ತರಿಸಿದ ಉಣ್ಣೆ ಒಂದೇ ಹೊದಿಕೆಯಾಗಿ ಬರಬೇಕು. ಅದನ್ನು ಪಟ್ಟಿ ಜೋಡಿಸಿದ ಮೇಜಿನ ಮೇಲೆ ಬೀಸಿ ಹರಡಿದರೆ, ಎರಡನೇ ಸಲ ಕತ್ತರಿ ಆಡಿಸಿದಾಗ ಉಂಟಾದ ತುಂಡು ಎಳೆಗಳು ಸಂದಿಯಿಂದ ಕೆಳಗುದುರುತ್ತವೆ. ಅಂಚಿನ ಕೊಳೆ ಉಣ್ಣೆ ಕಿತ್ತು, ದರ್ಜೆ ನೋಡಿ, ಪ್ರೆಸ್‌ನಲ್ಲಿ ಒತ್ತಿ ಬೇಲ್ ಕಟ್ಟುತ್ತಾರೆ.

ಬೇಲ್ ಕಟ್ಟಿದ ಮಾತ್ರಕ್ಕೆ ಹಣ ಬರುತ್ತಿರಲಿಲ್ಲ. ಡಾರ್ಲಿಂಗ್‌ನಲ್ಲಿ ನೀರಿದ್ದರೆ ಉಗಿದೋಣಿ. ಬತ್ತಿದರೆ ಉಣ್ಣೆ ತಿಂಗಳುಗಟ್ಟಲೆ ದಂಡೆಯಲ್ಲೇ. ನದಿಯಿಂದ ದೂರದ ಸ್ಟೇಷನ್‌ಗಳಿಗೆ ಎತ್ತಿನ ಗಾಡಿಗಳ ಜೊತೆ, 1860ರ ದಶಕದಿಂದ ಅಂದಿನ ಬ್ರಿಟಿಷ್ ಇಂಡಿಯಾ ಮತ್ತು ಅಫ್ಘಾನಿಸ್ತಾನದಿಂದ ಬಂದ ಒಂಟೆಯವರೂ ಆಸರೆಯಾದರು. ಒಂಟೆಯ ಎರಡೂ ಮಗ್ಗುಲಿಗೆ ಒಂದೊಂದು ಬೇಲ್ ತೂಗುಬಿಡುತ್ತಿದ್ದರು.