ಬಟರ್‌ಫ್ಲೈ ಮಿಲ್ಕ್‌ವೀಡ್: ಬೀಜಕ್ಕೆ ಚಳಿ ಯಾಕೆ ಬೇಕು?

ಅಮೆರಿಕದ ಇಲಿನಾಯ್ ಕಡೆ ಇದ್ದು, ಹಿತ್ತಲಲ್ಲಿ ಅಲ್ಲಿನ ಪ್ರೇರಿ ಹುಲ್ಲುಗಾವಲಿನದ್ದೇ ಒಂದು ಹೂಗಿಡ ಬೆಳೆಸಬೇಕು ಅಂತಿರುವವರಿಗೆ ಈ ಟಿಪ್ಪಣಿ. ಗಿಡದ ಹೆಸರು ಬಟರ್‌ಫ್ಲೈ ಮಿಲ್ಕ್‌ವೀಡ್. ಸಸ್ಯಶಾಸ್ತ್ರದಲ್ಲಿ ಅಸ್ಕ್ಲೀಪಿಯಸ್ ಟ್ಯೂಬರೋಸಾ. ಎತ್ತರ ಒಂದರಿಂದ ಎರಡೂವರೆ ಅಡಿ. ಬೇಸಿಗೆಯಲ್ಲಿ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಗೊಂಚಲು.

ಇದು ನಮ್ಮ ಎಕ್ಕದ ನೆಂಟ. ಊರಲ್ಲಿ ಎಕ್ಕದ ಎಲೆ ಮೇಲೆ ಪಟ್ಟೆಪಟ್ಟೆ ಹುಳ ನೋಡಿರುತ್ತೀರಿ ಅಲ್ವಾ? ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಅದೇ ಕುಲದ ಮೊನಾರ್ಕ್ ಚಿಟ್ಟೆ ಇಲ್ಲಿ ಮಿಲ್ಕ್‌ವೀಡ್ ಮೇಲೆ ಮೊಟ್ಟೆ ಇಡುತ್ತದೆ. ಎಕ್ಕದ ಎಲೆ ಮುರಿದರೆ ಹಾಲು ಸುರಿಯುತ್ತದೆ. ಈ ಗಿಡದಲ್ಲಿ ಮಾತ್ರ ಹಾಲಿಲ್ಲ, ರಸ ನೀರಿನಷ್ಟು ತಿಳಿ.

ಬಿಸಿಲು ಪೂರ್ತಿ ಬೀಳಬೇಕು, ನೀರು ನಿಲ್ಲಬಾರದು. ಗೊಬ್ಬರ ಬೇಡ. ಇಷ್ಟು ಸುಲಭ. ಕಷ್ಟ ಇರುವುದೆಲ್ಲ ಬೀಜದಲ್ಲಿ.

ಹೆಸರುಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮಾರನೇ ದಿನ ಮೊಳಕೆ. ಬೀಜ ಅಂದರೆ ನೀರು ಮತ್ತು ಬೆಚ್ಚಗೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಯಾಕೆ ಅಂತ ನೋಡಿ. ಈ ಗಿಡದ ಕಾಯಿ ಒಡೆಯುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಆಗಿನ ಹಸಿ ಮಣ್ಣಿಗೆ ಬಿದ್ದ ಕೂಡಲೇ ಮೊಳೆತರೆ ಎಳೆ ಸಸಿ ಜನವರಿಯ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಹಾಗಾಗಿ ಬೀಜದೊಳಗೇ ಒಂದು ತಡೆ ಇದೆ. ಚಳಿಗಾಲ ಕಳೆಯಿತು ಅನ್ನುವುದು ಗೊತ್ತಾದ ಮೇಲೇ ಅದು ಸಡಿಲವಾಗುತ್ತದೆ. ಆ ಚಳಿಯನ್ನು ನಾವೇ ಕೊಡುವುದಕ್ಕೆ ಸ್ಟ್ರಾಟಿಫಿಕೇಶನ್ ಅನ್ನುತ್ತಾರೆ.

ಈಗ ಎಲ್ಲರೂ ಎಡವುವ ಜಾಗ. ಬೀಜದ ಪೊಟ್ಟಣವನ್ನು ಹಾಗೇ ಫ್ರಿಜ್‌ನಲ್ಲಿಟ್ಟರೆ ಅದು ಸ್ಟ್ರಾಟಿಫಿಕೇಶನ್ ಅಲ್ಲ, ಬರೀ ದಾಸ್ತಾನು. ಒಣ ಬೀಜದೊಳಗೆ ಯಾವ ಕೆಲಸವೂ ನಡೆಯುವುದಿಲ್ಲ. ಬೀಜ ನೀರು ಕುಡಿದಿರಬೇಕು, ಜೊತೆಗೆ ತಂಪೂ ಇರಬೇಕು. ಎರಡೂ ಒಟ್ಟಿಗೆ ಇದ್ದ ದಿನಗಳು ಮಾತ್ರ ಲೆಕ್ಕಕ್ಕೆ. ಆರು ತಿಂಗಳು ಒಣಗಿ ಫ್ರಿಜ್‌ನಲ್ಲಿದ್ದರೂ ಲೆಕ್ಕ ಸೊನ್ನೆ! ಹಾಗಂತ ಫ್ರೀಜರ್‌ಗೆ ಹಾಕಬೇಡಿ. ಬೇಕಾದದ್ದು 4–5 ಡಿಗ್ರಿ ಸೆಲ್ಸಿಯಸ್, ಅಂದರೆ ಫ್ರಿಜ್‌ನ ಮಾಮೂಲಿ ತಂಪು.

ಒಂದು ಹಿಡಿ ಮರಳು ತೇವ ಮಾಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಹನಿ ಬೀಳಬಾರದು. ಬೀಜ ಕಲಸಿ ಜಿಪ್‌ಲಾಕ್ ಚೀಲಕ್ಕೆ ಹಾಕಿ, ಮೇಲೆ ತಾರೀಖು ಬರೆದು 30 ದಿನ ಇಡಿ. ಬೂಸ್ಟು ಕಂಡರೆ ನೀರು ಜಾಸ್ತಿಯಾಗಿದೆ ಅಂತ. ದಿನದ ಲೆಕ್ಕ ಹಿಂದಿನಿಂದ ಹಾಕಿ: ಏಪ್ರಿಲ್ 15ಕ್ಕೆ ಕುಂಡದಲ್ಲಿ ಬಿತ್ತಬೇಕೆಂದರೆ ಮಾರ್ಚ್ 15ಕ್ಕೆ ಚೀಲ ಫ್ರಿಜ್‌ನಲ್ಲಿರಬೇಕು. ಬಿತ್ತುವಾಗ ಕಾಲು ಇಂಚು ಮಣ್ಣು ಮುಚ್ಚಿದರೆ ಸಾಕು.

ಇದೆಲ್ಲ ರಗಳೆ ಅನ್ನಿಸಿದರೆ ನನ್ನ ಮೆಚ್ಚಿನ ಅಡ್ಡದಾರಿ ಇದೆ. ನವೆಂಬರ್‌ನಲ್ಲಿ ನೇರವಾಗಿ ಹಿತ್ತಲಲ್ಲೇ ಬಿತ್ತಿಬಿಡಿ. ಹಿಮ, ಮಳೆ ಎರಡೂ ಪುಕ್ಕಟೆ. ಮರಳು ಬೇಡ, ಚೀಲ ಬೇಡ, ಫ್ರಿಜ್‌ನಲ್ಲಿ ಇದೇನು ಅಂತ ಮನೆಯವರ ಪ್ರಶ್ನೆಯೂ ಇಲ್ಲ. ಕೆಲವು ಬೀಜ ಹಕ್ಕಿ, ಇಲಿಗಳ ಪಾಲಾಗುತ್ತವೆ, ಅದಕ್ಕೇ ಸ್ವಲ್ಪ ಧಾರಾಳವಾಗಿ ಬಿತ್ತಬೇಕು.

ಬೀಜ ಕೊಂಡೇ ತನ್ನಿ. ಕಾಡಿನ ಗಿಡ ಕಿತ್ತು ತರಬೇಡಿ. ಇಲಿನಾಯ್‌ನಲ್ಲಿ ಒಂದು ಕಾಲಕ್ಕೆ ಸುಮಾರು 2 ಕೋಟಿ 20 ಲಕ್ಷ ಎಕರೆ ಪ್ರೇರಿ ಇತ್ತು. ಮೂಲ ರೂಪದಲ್ಲಿ ಉಳಿದದ್ದು ಸುಮಾರು ಶೇ 0.01 ಮಾತ್ರ. ಅಲ್ಲದೆ ಈ ಗಿಡದ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಅಗೆದರೆ ಮುರಿಯುತ್ತದೆ, ಗಿಡ ಬದುಕುವುದು ಕಷ್ಟ. ಮನೆಯಲ್ಲೂ ಅಷ್ಟೇ, ಜಾಗ ಒಂದೇ ಸಲ ಗೊತ್ತು ಮಾಡಿ. ಅಂಗಡಿಯಲ್ಲಿ ಕೆಂಪು-ಹಳದಿ ಹೂವಿನ ಟ್ರಾಪಿಕಲ್ ಮಿಲ್ಕ್‌ವೀಡ್ ಕೂಡ ಸಿಗುತ್ತದೆ. ಅದು ಉಷ್ಣವಲಯದ್ದು, ಪ್ರೇರಿಯದ್ದಲ್ಲ.

ಮೊದಲ ವರ್ಷ ಹೂ ಕೇಳಬೇಡಿ. ಬೇರು ಇಳಿಯುವ ಕಾಲ ಅದು. ಹೂವಿಗೆ ಎರಡು ಮೂರು ವರ್ಷ ಬೇಕು. ವಸಂತದಲ್ಲಿ ಬೇರೆಲ್ಲ ಗಿಡ ಚಿಗುರಿದ ಮೇಲೆ ಇದು ನಿಧಾನಕ್ಕೆ ಏಳುತ್ತದೆ, ಕೆಲವೊಮ್ಮೆ ಮೇ ನಡುವಿನವರೆಗೂ. ಸತ್ತಿದೆ ಅಂತ ಅಗೆಯದ ಹಾಗೆ ಜಾಗಕ್ಕೊಂದು ಕಡ್ಡಿ ನೆಟ್ಟಿಡಿ.

ಎಳೆ ಕಾಂಡಕ್ಕೆ ಹಳದಿ ಸಸ್ಯಹೇನು ಮುತ್ತುತ್ತದೆ. ನಮ್ಮ ಕೈ ತಕ್ಷಣ ಬೇವಿನ ಎಣ್ಣೆಗೆ ಹೋಗುತ್ತದೆ, ಬೇಡ. ಅದು ಮೊನಾರ್ಕ್ ಮರಿಗಳಿಗೂ ಕೆಡುಕು. ಮೊದಲು ಎಲೆಯ ಅಡಿ ತಿರುಗಿಸಿ ನೋಡಿ, ಕೆನೆಬಣ್ಣದ ಒಂಟಿ ಮೊಟ್ಟೆ ಇದ್ದರೆ ಆ ಎಲೆ ಬಿಟ್ಟು ಉಳಿದ ಕಡೆ ಪೈಪಿನ ನೀರು ಜೋರಾಗಿ ಬಿಡಿ.