ಪದ ಪರಿಚಯ: ಮಸಾಜ್ ಸೆಂಟರ್‌ನ ಮಾರ್ಕೆಟಿಂಗ್ ಬಜೆಟ್

ಮಾರ್ಕೆಟಿಂಗ್ ಬಜೆಟ್ ಅಂದ ಕೂಡಲೇ ಎಷ್ಟೋ ಜನಕ್ಕೆ ಫೇಸ್‌ಬುಕ್ ಜಾಹೀರಾತಿಗೆ ಹಾಕುವ ದುಡ್ಡು ಮಾತ್ರ ನೆನಪಾಗುತ್ತದೆ. ಅದಷ್ಟೇ ಅಲ್ಲ. ಹೊಸಬರು ಬಾಗಿಲಿಗೆ ಬರಲಿ, ಬಂದವರು ಮತ್ತೆ ಬರಲಿ ಅಂತ ಮಾಡುವ ಎಲ್ಲ ಖರ್ಚನ್ನೂ ತಿಂಗಳಿಗೋ ವರ್ಷಕ್ಕೋ ಮೊದಲೇ ಲೆಕ್ಕ ಹಾಕಿ ಎತ್ತಿಡುವುದಕ್ಕೆ ಈ ಹೆಸರು. ಬೋರ್ಡು, ಪಾಂಪ್ಲೆಟ್ಟು, ಗೂಗಲ್ ಜಾಹೀರಾತು ಇದರಲ್ಲಿ ಬರುತ್ತವೆ. ಮೊದಲ ಸಲ ಬಂದವರಿಗೆ ಕೊಡುವ ಡಿಸ್ಕೌಂಟೂ ಬರುತ್ತದೆ. ಆ್ಯಪ್ ಮೂಲಕ ಮನೆಮನೆಗೆ ಹೋಗಿ ಮಸಾಜ್ ಮಾಡುವವರಾದರೆ ಆ್ಯಪ್‌ನವರು ಹಿಡಿದುಕೊಳ್ಳುವ ಕಮಿಷನ್ನೂ ಇದರದ್ದೇ ಭಾಗ. ಕೈಯಾರೆ ಎಣಿಸಿ ಕೊಡುವ ದುಡ್ಡಲ್ಲ ಅಂತ ಈ ಕೊನೆಯ ಎರಡನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ.

ಎಷ್ಟು ಇಡಬೇಕು? ಆದಾಯದ ಶೇ 5, ಇಲ್ಲಾ ಶೇ 10 ಅನ್ನುವ ಸೂತ್ರ ಎಲ್ಲರ ಬಾಯಲ್ಲೂ ಇದೆ. ಸರಕು ಮಾರುವ ಅಂಗಡಿಗೆ ಅದು ಒಂದು ಅಂದಾಜು ಕೊಡಬಹುದು. ಮಸಾಜ್ ವ್ಯವಹಾರಕ್ಕೆ ಅದನ್ನು ಹಚ್ಚಬೇಡಿ ಅಂತಲೇ ನಾನು ಹೇಳುವುದು. ನೀವು ಮಾರುತ್ತಿರುವುದು ಗಂಟೆ. ಇವತ್ತು ಮಧ್ಯಾಹ್ನ 2ರಿಂದ 3ರವರೆಗೆ ಟೇಬಲ್ ಖಾಲಿ ಬಿದ್ದರೆ ಆ ಗಂಟೆಯನ್ನು ನಾಳೆ ಮಾರಲು ಆಗುವುದಿಲ್ಲ, ಸೀಟು ಖಾಲಿ ಇಟ್ಟುಕೊಂಡೇ ಸ್ಟ್ಯಾಂಡ್ ಬಿಟ್ಟ ಬಸ್ಸಿನ ಹಾಗೆ. ಅತ್ತ ಕಡೆ ಇರುವ ಗಂಟೆಗಳಿಗೂ ಮಿತಿ ಇದೆ. ದಿನಕ್ಕೆ ಐದು ಜನಕ್ಕೆ ಪೂರ್ತಿ ಮೈ ಮಸಾಜ್ ಮಾಡುವಷ್ಟರಲ್ಲಿ ಥೆರಪಿಸ್ಟ್‌ನ ಹೆಬ್ಬೆರಳು, ಮಣಿಕಟ್ಟು, ಸೊಂಟ ಎಲ್ಲ ಸೋತಿರುತ್ತವೆ. ಆರು, ಏಳು ಅಂತ ಎಳೆದರೆ ಕೈಯಲ್ಲಿ ಒತ್ತಡ ಬೀಳುವುದಿಲ್ಲ, ಗಿರಾಕಿಗೆ ಅದು ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಬಜೆಟ್ಟಿನ ಮೊದಲ ಸಾಲಿನಲ್ಲಿ ಬರೆಯಬೇಕಾದದ್ದು ಖಾಲಿ ಗಂಟೆ ಎಷ್ಟಿದೆ ಅನ್ನುವುದನ್ನು.

ಮೈಸೂರಿನ ಕುವೆಂಪುನಗರದಲ್ಲಿ ಎರಡು ಟೇಬಲ್ಲಿನ ಒಂದು ಸೆಂಟರ್ ಇದೆ ಅಂತ ಇಟ್ಟುಕೊಳ್ಳೋಣ. ಇಬ್ಬರು ಥೆರಪಿಸ್ಟ್, ದಿನಕ್ಕೆ ತಲಾ ಐದು ಮಸಾಜ್, ಒಂದೊಂದಕ್ಕೂ ಒಂದು ಗಂಟೆ, ತಿಂಗಳಿಗೆ 26 ದಿನ. ಒಟ್ಟು 260 ಗಂಟೆ ಮಾರಬಹುದು. ಈಗ 170 ಹೋಗುತ್ತಿದೆ, 90 ಖಾಲಿ. ಒಂದು ಮಸಾಜ್‌ಗೆ 1,500 ರೂ., ಜಿಎಸ್‌ಟಿ ಬೇರೆ. ಎಣ್ಣೆ, ಟವೆಲ್ ಒಗೆಯುವುದು, ಬಿಸಿನೀರು, ಥೆರಪಿಸ್ಟ್‌ಗೆ ಪ್ರತಿ ಮಸಾಜ್‌ಗೆ ಕೊಡುವ ಇನ್ಸೆಂಟಿವ್ ಎಲ್ಲ ಸೇರಿ 500 ಕಳೆಯಿರಿ, 1,000 ಉಳಿಯಿತು. ಬಾಡಿಗೆ, ಮೂಲ ಸಂಬಳ ಇಲ್ಲಿ ಕಳೆಯಬೇಡಿ. ಟೇಬಲ್ ಖಾಲಿ ಇದ್ದರೂ ಅವನ್ನು ಕೊಡಲೇಬೇಕಲ್ವಾ.

90 ಗಂಟೆಯೂ ತುಂಬುತ್ತದೆ ಅಂತ ಕನಸು ಕಾಣುವುದು ಬೇಡ. 30 ತುಂಬಿದರೆ ತಿಂಗಳಿಗೆ 30,000 ಹೆಚ್ಚಿಗೆ ಉಳಿಯುತ್ತದೆ. ಅದರಲ್ಲಿ ಅರ್ಧ, ಅಂದರೆ 15,000 ರೂ., ಮಾರ್ಕೆಟಿಂಗ್‌ಗೆ ಇಟ್ಟರೆ ತಪ್ಪಿಲ್ಲ. 2,55,000 ಆದಾಯದಲ್ಲಿ ಇದು ಹೆಚ್ಚೂಕಡಿಮೆ ಶೇ 6 ಆಯಿತು, ಸೂತ್ರವೂ ಅದನ್ನೇ ಹೇಳಿತ್ತಲ್ಲ ಅನ್ನಬಹುದು. ಸರಿ, ಇದೇ ಸೆಂಟರಿನಲ್ಲಿ ಈಗಾಗಲೇ 240 ಗಂಟೆ ತುಂಬುತ್ತಿದೆ ಅನ್ನಿ. ಆದಾಯ 3,60,000. ಶೇ 6ರ ಸೂತ್ರ 21,600 ರೂ. ಖರ್ಚು ಮಾಡು ಅನ್ನುತ್ತದೆ. ಉಳಿದ 20 ಗಂಟೆ ಪೂರ್ತಿ ತುಂಬಿದರೂ ಕೈಗೆ ಬರುವುದು 20,000! ಜಾಸ್ತಿ ದುಡಿಯುವವನಿಗೆ ಜಾಸ್ತಿ ಖರ್ಚು ಮಾಡಲು ಹೇಳುವ ಸೂತ್ರ ಅದು, ಖಾಲಿ ಇರುವವನಿಗೆ ಅದರಿಂದ ಉಪಯೋಗ ಕಡಿಮೆ.

ಬಜೆಟ್ ಜೊತೆಗೇ ಬರುವ ಇನ್ನೊಂದು ಮಾತು, ಒಬ್ಬ ಹೊಸ ಗಿರಾಕಿಯನ್ನು ತರಲು ತಗುಲಿದ ಖರ್ಚು. ಇದನ್ನು ಜನ ಸುಮ್ನೆ ಕಡಿಮೆ ತೋರಿಸಿಕೊಳ್ಳುತ್ತಾರೆ. ಗೂಗಲ್‌ಗೆ 10,000 ಹಾಕಿದಿರಿ, 12 ಜನ ಬಂದರು, ತಲೆಗೆ 833 ಬಿತ್ತು ಅಂತ ಸಮಾಧಾನ. ಜಾಹೀರಾತಿನ ಬಿಲ್ಲಿಗೆ ಶೇ 18 ಜಿಎಸ್‌ಟಿ ಸೇರುತ್ತದೆ, 11,800 ಆಯಿತು. ಆ ಜಿಎಸ್‌ಟಿಯನ್ನು ಆಮೇಲೆ ಹೊಂದಿಸಿಕೊಳ್ಳಬಹುದು ಅಂತ ಹಳೆಯ ಲೆಕ್ಕದಲ್ಲಿ ಇರಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಲೂನ್, ಸ್ಪಾ, ಜಿಮ್ ಸೇವೆಗಳ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿಯಿತು, ಗಿರಾಕಿಗೆ ಒಳ್ಳೆಯದಾಯಿತು, ಆದರೆ ಅದರ ಜೊತೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಹಾಗೆ ಹೊಂದಿಸಿಕೊಳ್ಳುವ ಸೌಲಭ್ಯ, ಹೋಯಿತು. ವರ್ಷಕ್ಕೆ 20 ಲಕ್ಷ ದಾಟದೆ ಜಿಎಸ್‌ಟಿ ನೋಂದಣಿ ಮಾಡಿಸದವರಿಗಂತೂ ಅದು ಮೊದಲೂ ಇರಲಿಲ್ಲ. ಇನ್ನು ಆ 12 ಜನಕ್ಕೂ ತಲಾ 300 ಡಿಸ್ಕೌಂಟ್ ಕೊಟ್ಟಿದ್ದೀರಿ, 3,600. ಒಟ್ಟು 15,400, ತಲೆಗೆ 1,283. ಮೊದಲ ಮಸಾಜ್‌ನಲ್ಲಿ ಉಳಿಯುವುದೇ 1,000, ಅಂದರೆ ಆ ತಿಂಗಳು ಕೈಯಿಂದ 3,400 ಹೋಯಿತು.

ಇದು ನಷ್ಟವೇ? 12ರಲ್ಲಿ ನಾಲ್ಕು ಜನ ಮುಂದಿನ ತಿಂಗಳೂ ಬಂದರೆ 4,000 ಬಂತು, ಹೋದದ್ದು ವಾಪಸ್. ಅವರು ತಿಂಗಳಿಗೊಮ್ಮೆ ಬರುತ್ತಾ ಹೋದರೆ ಅಲ್ಲಿಂದಾಚೆಗೆ ಉಳಿಯುವುದೆಲ್ಲ ಲಾಭ. ಯಾರೂ ಮತ್ತೆ ಬರದಿದ್ದರೆ ಜಾಹೀರಾತನ್ನು ಬೈದು ಪ್ರಯೋಜನವಿಲ್ಲ, ಒಳಗೆ ಏನಾಗುತ್ತಿದೆ ನೋಡಬೇಕು. ಟವೆಲ್ಲಿಗೆ ಹಳೆ ಎಣ್ಣೆಯ ಕಮಟು ವಾಸನೆ ಇದ್ದರೂ ಸಾಕು, ಜನ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಬರುವುದು ನಿಲ್ಲಿಸುತ್ತಾರೆ. ಹೀಗಾಗಿ ಮೈಸೂರಿನಲ್ಲಿ ದಸರಾಕ್ಕೆ ಬಂದ ಪ್ರವಾಸಿಗರ ಮೇಲೆ ಹಾಕುವ ದುಡ್ಡು, ಅದೇ ಬಡಾವಣೆಯವರ ಮೇಲೆ ಹಾಕುವ ದುಡ್ಡು ಎರಡೂ ಒಂದೇ ಅಲ್ಲ. ಪ್ರವಾಸಿ ಒಮ್ಮೆ ಬಂದು ಹೋಗುತ್ತಾನೆ, ಅವನಿಗಾಗಿ 1,283 ಕೊಟ್ಟರೆ ಅದು ಹೋದಂತೆಯೇ.

ಇದೆಲ್ಲಕ್ಕೂ ಆಧಾರ ಅಪಾಯಿಂಟ್‌ಮೆಂಟ್ ಬರೆಯುವ ನೋಟ್‌ಬುಕ್. ಹೆಸರು, ಫೋನ್ ನಂಬರ್, ಸಮಯ ಬರೆಯುವ ಕಡೆ ಇನ್ನೆರಡು ಕಾಲಮ್ ಎಳೆಯಿರಿ: ‘ಹೇಗೆ ಗೊತ್ತಾಯಿತು’, ‘ಎಷ್ಟನೇ ಸಲ’. ಖಾಲಿ ಹೋದ ಗಂಟೆಗೆ ಕೆಂಪು ಪೆನ್ನಿನಲ್ಲಿ ಒಂದು ಅಡ್ಡಗೆರೆ. ತಿಂಗಳ ಕೊನೆಗೆ ಪುಟ ತಿರುವಿದರೆ ಕೆಂಪು ಎಲ್ಲಿ ಸಾಲಾಗಿ ಬಿದ್ದಿದೆ ಅಂತ ಕಾಣುತ್ತದೆ. ಸಾಮಾನ್ಯವಾಗಿ ಭಾನುವಾರ ಜಾಗ ಇರುವುದಿಲ್ಲ, ಮಂಗಳವಾರ 11ರಿಂದ 4 ಖಾಲಿ. ಹಾಗಿರುವಾಗ ‘ಈ ವಾರಾಂತ್ಯ ಶೇ 20 ರಿಯಾಯಿತಿ’ ಅಂತ ಹಾಕಿದರೆ, ಹೇಗೂ ಪೂರ್ತಿ ದುಡ್ಡು ಕೊಟ್ಟು ಬರುತ್ತಿದ್ದವರಿಗೆ ಕಡಿಮೆ ಮಾಡಿದಂತಾಯಿತು, ಅಷ್ಟೇ. ರಿಯಾಯಿತಿ ಮಂಗಳವಾರ ಮಧ್ಯಾಹ್ನಕ್ಕಿರಲಿ, ಆ ಹೊತ್ತಿಗೆ ಬಿಡುವಾಗಿರುವ ನಿವೃತ್ತರಿಗೆ, ರಾತ್ರಿ ಪಾಳಿಯವರಿಗೆ, ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಅಮ್ಮಂದಿರಿಗೆ ತಲುಪುವ ಹಾಗೆ.

ಈ ಕಸುಬಿಗೇ ಅಂಟಿಕೊಂಡ ಇನ್ನೊಂದು ಖರ್ಚಿದೆ, ಯಾರೂ ಅದರ ಬಗ್ಗೆ ಬರೆಯುವುದಿಲ್ಲ. ಬರೀ ‘ಮಸಾಜ್’ ಅನ್ನುವ ಪದಕ್ಕೆ ಗೂಗಲ್ ಜಾಹೀರಾತು ಕೊಟ್ಟರೆ ಬೇಡದ ಕರೆಗಳು ಬರುತ್ತವೆ. ಒತ್ತಿದ ಪ್ರತಿಯೊಬ್ಬನಿಗೂ ದುಡ್ಡು ನಿಮ್ಮದು, ಫೋನ್ ಎತ್ತಿದ ಹುಡುಗಿಗೆ ಕಿರಿಕಿರಿ ಬೇರೆ. ಅಸಭ್ಯ ಅರ್ಥದ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ (ಈ ಪದ ಹುಡುಕಿದವರಿಗೆ ಜಾಹೀರಾತು ತೋರಿಸಬೇಡ ಅನ್ನುವ ಪಟ್ಟಿ) ಸೇರಿಸಿ, ‘ಅಭ್ಯಂಗ’, ‘ಕುತ್ತಿಗೆ ನೋವು’, ‘ಬಾಣಂತಿ ಮಸಾಜ್’ ಥರದ ಪದಗಳಿಗೆ ಮಾತ್ರ ಜಾಹೀರಾತು ಓಡಿಸಿ. ಕರೆ ಕಡಿಮೆಯಾಗುತ್ತದೆ. ಆಗಲಿ ಬಿಡಿ.

ಬಾಣಂತಿ ವಿಷಯ ಬಂತಲ್ಲ, ಅಲ್ಲಿ ಜಾಹೀರಾತು ಹೆಚ್ಚು ಕೆಲಸ ಮಾಡುವುದಿಲ್ಲ. ಯಾರನ್ನು ಮನೆಯೊಳಗೆ ಬಿಡಬೇಕು ಅಂತ ತೀರ್ಮಾನ ಮಾಡುವುದು ಬಾಣಂತಿಯ ಅಮ್ಮ ಅಥವಾ ಅತ್ತೆ, ಅವರು ಕೇಳುವುದು ಪಕ್ಕದ ಬೀದಿಯಲ್ಲಿ ಹೆರಿಗೆಯಾದ ಮನೆಯವರನ್ನು. ಈ ಸಾಲಿನ ದುಡ್ಡು ಹೇಳಿ ಕಳಿಸಿದವರಿಗೆ ಒಂದು ಉಚಿತ ಮಸಾಜ್, ಓಡಾಡುವವರ ಪೆಟ್ರೋಲ್, ಇಂಥದ್ದಕ್ಕೆ ಹೋಗಲಿ. ಆದರೆ ಗೂಗಲ್ ರಿವ್ಯೂ ಬರೆದರೆ ರಿಯಾಯಿತಿ ಅಂತ ಬೋರ್ಡು ಹಾಕಬೇಡಿ, ಗೂಗಲ್ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ.

ದುಡ್ಡು ಹಾಕುವ ಮೊದಲು ಕಾನೂನೂ ಸ್ವಲ್ಪ ನೋಡಿ. ಕರ್ನಾಟಕದಲ್ಲಿ ನಾಮಫಲಕದ ಶೇ 60ರಷ್ಟು ಕನ್ನಡದಲ್ಲಿರಬೇಕು, ಬೋರ್ಡು ಬರೆಸಿದ ಮೇಲೆ ಮತ್ತೆ ಬರೆಸುವುದು ದಂಡದ ಖರ್ಚು. ಕಂಡ ಗೋಡೆಗೆಲ್ಲ ಪೋಸ್ಟರ್ ಅಂಟಿಸುವುದರ ವಿರುದ್ಧ 1981ರಿಂದಲೇ ರಾಜ್ಯದ ಕಾಯ್ದೆ ಇದೆ. ನಮ್ಮ ಎಣ್ಣೆಯಿಂದ ಪಾರ್ಶ್ವವಾಯು, ಮಧುಮೇಹ ಗುಣವಾಗುತ್ತದೆ ಅಂತ ಪಾಂಪ್ಲೆಟ್ ಹಂಚಿದರೆ 1954ರ ಔಷಧ ಜಾಹೀರಾತು ಕಾಯ್ದೆಗೆ ಸಿಕ್ಕಿಬೀಳುತ್ತೀರಿ.

ಮೂರು ತಿಂಗಳಾದ ಮೇಲೆ ನೋಟ್‌ಬುಕ್ ತೆಗೆದು, ಯಾವ ದಾರಿಯಿಂದ ಬಂದವರು ಎರಡನೇ ಸಲ ಬಂದಿದ್ದಾರೆ ನೋಡಿ. ಆ ಸಾಲಿಗೆ ದುಡ್ಡು ಹೆಚ್ಚಿಸಿ, ಉಳಿದದ್ದನ್ನು ಕತ್ತರಿಸಿ. ಮಂಗಳವಾರವೂ ತುಂಬತೊಡಗಿದರೆ ಜಾಹೀರಾತು ನಿಲ್ಲಿಸಿ, ಆ 15,000ವನ್ನು ಮೂರನೇ ಥೆರಪಿಸ್ಟ್‌ನ ಸಂಬಳದ ಕಡೆಗೆ ತಿರುಗಿಸಿ.